ಸುತ್ತಿಗೆ ಕೆಳಗಿಟ್ಟ ಸಾರ್ಜೆಂಟ್

ಮಿಂದನಾವೊ ದ್ವೀಪದ ಆ ಸರೋವರದ ಊರನ್ನು ನಾವು ಮುತ್ತಿ ನಲವತ್ತನೇ ದಿನ, ಸಾರ್ಜೆಂಟ್ ಅನಕ್ಲೆತೊ ಸುತ್ತಿಗೆ ಕೆಳಗಿಟ್ಟ. ಬೀದಿಗೆ ಕಾಲಿಟ್ಟರೆ ಗುಂಡು ಬರುತ್ತಿದ್ದುದರಿಂದ ನಮ್ಮ ತುಕಡಿ ಮನೆಯಿಂದ ಮನೆಗೆ ಗೋಡೆ ಒಡೆದುಕೊಂಡೇ ಸಾಗುತ್ತಿತ್ತು. ಒಡೆಯುವುದು, ಕಿಂಡಿಯಲ್ಲಿ ಗ್ರೆನೇಡ್ ಎಸೆಯುವುದು, ನುಗ್ಗುವುದು ಅವನ ಕೆಲಸ. ಹಿಂದಿನ ದಿನ ಹಾಗೆ ಗ್ರೆನೇಡ್ ಎಸೆದು ನುಗ್ಗಿದ ಕೋಣೆಯಲ್ಲಿ ಶತ್ರುಗಳಿರಲಿಲ್ಲ. ಒಬ್ಬ ಮುದುಕ ಅಕ್ಕಿಚೀಲ ಹೊದ್ದುಕೊಂಡು ಕೂತಲ್ಲೇ ಸತ್ತಿದ್ದ. ಅಲ್ಲಿಂದಾಚೆ ಅನಕ್ಲೆತೊ ಊಟ ಮುಟ್ಟಲಿಲ್ಲ.

"ಹೊಡಿಯೋ!" ಎಂದು ಲೆಫ್ಟಿನೆಂಟ್ ವಿಲ್ಲರೂಸ್ ಕೂಗಿದರು. ಅವರಿಗಿನ್ನೂ ಇಪ್ಪತ್ತೈದು.

"ಆಗಲ್ಲ ಸರ್. ಆಚೆ ಯಾರೋ ಉಸಿರಾಡ್ತಿದಾರೆ."

ನಾನು, ದೂಲೊ, ತುಕಡಿಯ ಔಷಧಿಚೀಲ ಹೊರುವವನು. ಗೋಡೆಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ.

"ನಾಟಕ! ಲಂಗ ತರಿಸ್ಕೊಡ್ಲಾ ನಿಂಗೆ?"

ಅನಕ್ಲೆತೊ ಎತ್ತಿದ ನೀರಿನ ಬಾಟಲಿ ಬಾಯಿಗೆ ತಲುಪದೆ ಅಂಗಿಯ ಮೇಲೆಲ್ಲ ಚೆಲ್ಲಿತು. ನಾನು ಚೀಟಿಯಲ್ಲಿ 'ಬಳಲಿಕೆ' ಎಂದು ಬರೆದೆ. ಲೆಫ್ಟಿನೆಂಟ್ ಹರಿದು ಹಾಕಿದರು. "ಹೇಡಿ ಅಂತ ಬರಿ."

"ಜ್ವರಕ್ಕೆ ಬೈದ್ರೆ ಇಳಿಯುತ್ತಾ ಸರ್?" ಎಂದು ಇನ್ನೊಂದು ಚೀಟಿಯಲ್ಲಿ ಅದೇ ಮಾತು ಬರೆದೆ.

ಸೇತುವೆಯಾಚೆ, ಖಾಲಿ ಗೋದಾಮೊಂದರಲ್ಲಿ ಡಾಕ್ಟರ್ ಕ್ಯಾಪ್ಟನ್ ಲುನಿಂಗ್ನಿಂಗ್ ಅವರ ವಿಶ್ರಾಂತಿ ಶಿಬಿರವಿತ್ತು. ಆ ಚೀಟಿ ಹಿಡಿದು ಅನಕ್ಲೆತೊನನ್ನು ಅಲ್ಲಿಗೆ ಕರೆದೊಯ್ದು, ನಾನೂ ಜೊತೆಗೆ ಉಳಿದೆ. ಅಲ್ಲಿ ರೋಗಿಯ ಬಟ್ಟೆ ಇಲ್ಲ. ಸಮವಸ್ತ್ರ, ಬೂಟು ಹಾಗೇ ಇರಬೇಕು. ಬಂದೂಕು ಮಾತ್ರ ಕಬ್ಬಿಣದ ಬೀರುವಿಗೆ. ಸ್ನಾನ, ನಿದ್ದೆ, ಶುಂಠಿ ಹಾಕಿದ ಕೋಳಿಗಂಜಿ.

"ನೀನು ರೋಗಿ ಅಲ್ಲ, ದಣಿದಿದೀಯ. ಮೂರು ದಿನ ಇರು. ನಾಲ್ಕನೇ ದಿನ ವಾಪಸ್," ಎಂದರು ಡಾಕ್ಟರ್.

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ. "ಮ್ಯಾಡಂ, ಇದು ವಾಸಿ ಮಾಡೋದಾ, ರಿಪೇರಿ ಮಾಡಿ ಕಳ್ಸೋದಾ?"

ಅವರಿಗೆ ಸಿಟ್ಟು ಬರಲಿಲ್ಲ. "ದೂರದ ಆಸ್ಪತ್ರೆಗೆ ಕಳ್ಸಿದ್ರೆ, ಜೊತೆಯವರನ್ನ ಬಿಟ್ಟು ಬಂದೆ ಅಂತ ಕೊರಗಿ ಕೆಲವರು ಏಳೋದೇ ಇಲ್ಲ. ಇಲ್ಲಿಂದ ವಾಪಸ್ ಕಳ್ಸಿದ್ರೆ ಕೆಲವರು ಸಾಯ್ತಾರೆ. ಯಾರು ಹೇಗೆ ಅಂತ ಮೊದಲೇ ತಿಳಿಯಲ್ಲ ದೂಲೊ."

ಮೂರನೇ ದಿನ ಬೆಳಿಗ್ಗೆ ಅನಕ್ಲೆತೊನ ಹಾಸಿಗೆ ಖಾಲಿ. ಬಂದೂಕು ಬೀರುವಿನಲ್ಲೇ ಇತ್ತು. ನೀರಿನ ಲಾರಿಯ ಡ್ರೈವರ್ ನಮ್ಮ ತುಕಡಿಯ ಏನೋ ಸುದ್ದಿ ಹೇಳಿದನಂತೆ, ಇವನು ಅದೇ ಲಾರಿ ಹತ್ತಿ ಹೋದನಂತೆ. "ಓಡು, ಕರ್ಕೊಂಡ್ಬಾ!" ಎಂದರು ಡಾಕ್ಟರ್.

ತುಕಡಿಯವರು ಮುರಿದ ಬೇಕರಿಯೊಂದರಲ್ಲಿ ಮುದುಡಿ ಕೂತಿದ್ದರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಒಲೆಯ ಪಕ್ಕದಲ್ಲಿ ಲೆಫ್ಟಿನೆಂಟ್ ವಿಲ್ಲರೂಸ್, ಬ್ಯಾಟರಿಯೇ ಇಲ್ಲದ ರೇಡಿಯೊ ಹಿಡಿದು, ಸತ್ತುಹೋದ ನಮ್ಮ ಇಬ್ಬರು ಸಿಪಾಯಿಗಳ ಹೆಸರು ಕೂಗಿ ಆಜ್ಞೆ ಕೊಡುತ್ತಿದ್ದರು. ನಿನ್ನೆಯಿಂದಲೂ ಹೀಗೇ ಅಂತೆ. ಅನಕ್ಲೆತೊ ಅವರ ಎದುರು ಕುಕ್ಕರಗಾಲಲ್ಲಿ ಕೂತು ಮೀನಿನ ಡಬ್ಬಿ ತೆಗೆಯುತ್ತಿದ್ದ.

"ಬನ್ನಿ ಸರ್. ಅಲ್ಲಿ ಗಂಜಿ ಚೆನ್ನಾಗಿ ಮಾಡ್ತಾರೆ."

ಲೆಫ್ಟಿನೆಂಟ್ ಥಟ್ಟನೆ ನಿಲ್ಲಿಸಿದರು. "ನಾನು ಬಂದ್ರೆ ಹುಡುಗ್ರು ಏನಂತಾರೆ?"

"ನೀವು ನಂಗೆ ಅಂದಿದ್ದನ್ನೇ ಅಂತಾರೆ. ಅಂದ್ಕೊಳ್ಲಿ ಬಿಡಿ, ಒಂದೇ ಲಂಗದಲ್ಲಿ ಇಬ್ರೂ ಸುಧಾರಿಸ್ಕೊಳ್ಳೋಣ."

ಯಾರೋ ಕಿಸಕ್ಕೆಂದರು. ಲೆಫ್ಟಿನೆಂಟರೂ ನಕ್ಕರು. ನಗುತ್ತಾ ನಗುತ್ತಾ ಅದು ಅಳುವಾಯಿತು, ನಿಲ್ಲಲಿಲ್ಲ. ಅನಕ್ಲೆತೊ ಅವರ ಕೈಯಿಂದ ರೇಡಿಯೊ ಬಿಡಿಸಿ ನನಗೆ ಕೊಟ್ಟ. ಇಬ್ಬರನ್ನೂ ಲಾರಿಗೆ ಹತ್ತಿಸಿದೆ. ಸೇತುವೆಯ ಬಳಿ ಶೆಲ್ ಬಿದ್ದಾಗ ಅವನು ಲೆಫ್ಟಿನೆಂಟರನ್ನು ಕೆಳಕ್ಕೆಳೆದು ಮೇಲೆ ಮಲಗಿದ. ಸದ್ದು ನಿಂತ ಮೇಲೂ ಏಳಲಿಲ್ಲ, ನಾನೇ ಬಿಡಿಸಿ ಎಬ್ಬಿಸಬೇಕಾಯಿತು.

ಲೆಫ್ಟಿನೆಂಟ್ ಹದಿನಾಲ್ಕು ಗಂಟೆ ನಿದ್ದೆ ಮಾಡಿದರು. ನಾಲ್ಕನೇ ದಿನ ತುಕಡಿಗೆ ಮರಳಿ, ಮುತ್ತಿಗೆ ಮುಗಿಯುವವರೆಗೂ ಅಲ್ಲೇ ಉಳಿದರು. ಅನಕ್ಲೆತೊನನ್ನು ಮಾತ್ರ ಮುಂಚೂಣಿಗೆ ಕಳಿಸಬಾರದೆಂದು ಡಾಕ್ಟರ್ ಬರೆದರು. ಮೇಲಿನವರು ಫೋನಿನಲ್ಲಿ ತಗಾದೆ ತೆಗೆದರು: ತಾನಾಗಿ ಅಲ್ಲಿಗೆ ಓಡಿಹೋದವನಿಗೆ ಎಂಥ ಕಾಯಿಲೆ?

"ಅವನು ಹೋಗಿದ್ದು ಒಬ್ಬರನ್ನ ಕರ್ಕೊಂಡು ಬರೋಕೆ ಸರ್, ಗೋಡೆ ಒಡೆಯೋಕಲ್ಲ," ಎಂದು ಡಾಕ್ಟರ್ ಫೋನಿಟ್ಟರು.

ಈಗ ಅವನು ಸೈನ್ಯ ಬಿಟ್ಟು, ನುಯೆವಾ ವಿಸ್ಕಾಯಾ ಪ್ರಾಂತ್ಯದಲ್ಲಿ ಮೂರು ಚಕ್ರದ ಬಾಡಿಗೆ ಗಾಡಿ ಓಡಿಸುತ್ತಾನೆ. ತಿಂಗಳಿಗೊಮ್ಮೆ ಮನಿಲಾಕ್ಕೆ ಬಂದು ಮನೋವೈದ್ಯರನ್ನು ಕಾಣುತ್ತಾನೆ. ಮಾತ್ರೆಗಳಿವೆ. ನಿದ್ದೆ ಕೆಲವು ದಿನ ಬರುತ್ತದೆ. ಕಳೆದ ಸಲ ನಾನೂ ಜೊತೆಗಿದ್ದೆ. ಬಸ್ಸಿನಲ್ಲಿ ಆರು ಸಲ ಸೀಟು ಬದಲಿಸಿದ.

"ಒಂದು ಕಡೆ ಕೂತ್ಕೊಳ್ಳೋ ಅಣ್ಣಾ."

"ಕೂತ್ಕೋತೀನಿ ತಮ್ಮಾ, ಇನ್ನೊಂದ್ ಸ್ವಲ್ಪ ಮುಂದೆ ಹೋಗ್ಲಿ," ಎನ್ನುತ್ತಾ ಡ್ರೈವರ್ ಪಕ್ಕ ಕಂಬಿ ಹಿಡಿದುಕೊಂಡು, ಮನಿಲಾ ಬರುವವರೆಗೂ ನಿಂತೇ ಬಂದ.