ಹಸಿದ ಇಪ್ಪತ್ತು ಕೌದಿಗಳು

ಮೂಡಲಗಿಯ ದಾಕ್ಷಾಯಿಣಿಗೆ ಅತ್ತೆಯ ಬೈಗುಳಕ್ಕಿಂತ ಅತ್ತೆಯ ಮೌನದ್ದೇ ಹೆದರಿಕೆ. ಶಿವಗಂಗವ್ವ ಬೈಯತೊಡಗಿದರೆ ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಸುಮ್ಮನಾದಳೆಂದರೆ ಮನೆಯ ಬೆಕ್ಕೂ ಹೊರಗೆ ಹೋಗಿ ಕೂಡುತ್ತದೆ.

ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವುದರಲ್ಲಿ ಶಿವಗಂಗವ್ವ ಎತ್ತಿದ ಕೈ. ಯಾವ ಬಣ್ಣದ ಪಕ್ಕ ಯಾವುದು ಬರಬೇಕು, ಅಂಚಿಗೆ ಎಷ್ಟು ತ್ರಿಕೋನ ಎಂಬ ಅವಳ ನೇಮಗಳನ್ನೆಲ್ಲ ಕಂಪ್ಯೂಟರ್ ಕಲಿತ ಸೊಸೆ ಒಂದು ಪ್ರೋಗ್ರಾಮಿಗೆ ಇಳಿಸಿದಳು. ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಕೌದಿಯ ಚಿತ್ರ. ಮತ್ತೆ ಒತ್ತಿದರೆ ಬೇರೆಯೇ ಕೌದಿ. ಇಂಥ ಚಿತ್ರಗಳನ್ನು ಕೊಂಡು ಕೂಡಿಡುವವರು ಜಗತ್ತಿನ ತುಂಬ ಇದ್ದಾರಂತೆ. ಅವರಿಗಾಗಿ ಇಪ್ಪತ್ತೊಂದನ್ನು ಮಾರಾಟಕ್ಕೆ ಆರಿಸಿದಳು.

ಅತ್ತೆಯದು ಒಂದೇ ಶರತ್ತು. ಕೊನೆಯ ಮೂಲೆ ಮುಚ್ಚುವ ಮುನ್ನ ಅವಳು ಪ್ರತಿ ಕೌದಿಯೊಳಗೂ ಒಂದು ರೊಟ್ಟಿ ಚೂರು ಇಟ್ಟು ಹೊಲಿಯುತ್ತಿದ್ದಳು; ಚಿತ್ರದ ಕೌದಿಗಳಲ್ಲೂ ಅದು ಇರಲೇಬೇಕು.

“ನಮ್ಮ ಮನಿ ಕೌದಿ ಹಸಕೊಂಡು ಹೊಸ್ತಿಲ ದಾಟಬಾರ್ದು. ಹಸದ ಕೌದಿ ಹೊಚ್ಚಿಕೊಂಡವರಿಗೆ ನಿದ್ದಿ ಹತ್ತಂಗಿಲ್ಲ.”

“ಆತ್ರಿ ಅತ್ತಿ, ಎಲ್ಲಾದಕ್ಕೂ ಹಾಕ್ತೇನಿ,” ಎಂದಳು ದಾಕ್ಷಾಯಿಣಿ.

ಹಾಕಿದ್ದು ಒಂದಕ್ಕೆ ಮಾತ್ರ. ಮೂಲೆಯಲ್ಲೊಂದು ದುಂಡನೆಯ ರೊಟ್ಟಿ ಬಂದರೆ ಚಿತ್ರದ ಅಂದ ಕೆಡುತ್ತದೆ ಎಂದು ಅವಳ ಲೆಕ್ಕ. ಅದೊಂದನ್ನೇ ಫೋನಿನಲ್ಲಿ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ, ರೊಟ್ಟಿ ತುಸು ಸೀದಿದೆ ಎಂದು ಕೊಂಕು ತೆಗೆದು, ಹೂಂ ಅಂದಳು. ವಾರದೊಳಗೆ ಇಪ್ಪತ್ತೊಂದೂ ಮಾರಿಹೋದವು.

ಸುಳ್ಳಿಗೆ ಕಾಲಿಲ್ಲ; ಸತ್ಯ ಮಾತ್ರ ಯಮಕನಮರಡಿಯಿಂದ ಫಟಫಟಿ ಹತ್ತಿಕೊಂಡು ಬಂತು. ಲಾರಿ ಮಾಲೀಕ ಸತ್ತೆಪ್ಪನಿಗೂ ಈ ಚಿತ್ರ ಕೂಡಿಡುವ ಚಟ. ಪಡಸಾಲೆಯಲ್ಲಿ ಕೂತು ಎದೆಯುಬ್ಬಿಸಿದ.

“ಆಯಿ, ಇಪ್ಪತ್ತೊಂದರಾಗ ರೊಟ್ಟಿ ಇದ್ದದ್ದು ನಂದೊಂದ ನೋಡ್ರಿ! ಜರ್ಮನಿಯಾಂವ ನಾಕ ಪಟ್ಟು ಕೊಡ್ತೇನಿ ಅಂದ್ರೂ ನಾ ಬಿಟ್ಟಿಲ್ಲ.”

ಶಿವಗಂಗವ್ವ ಏನೂ ಅನ್ನಲಿಲ್ಲ. ಬೆಕ್ಕು ಎದ್ದು ಹೊರಗೆ ಹೋಯಿತು.

ಅಂದು ಅವಳು ಉಣ್ಣಲಿಲ್ಲ. ಮರುದಿನವೂ ತಾಟು ಸರಿಸಿದಳು. “ಅಲ್ಲಿ ಇಪ್ಪತ್ತು ಹಸಕೊಂಡ ಕುಂತಾವು. ನನಗ ಹೆಂಗ ತುತ್ತ ಇಳಿತೈತಿ?” ಅಂದಳು. ದಾಕ್ಷಾಯಿಣಿಗೆ ನಾಚಿಕೆಯಿಂದ ಅಳುವೇ ಬಂತು. ಒಮ್ಮೆ ಮಾರಿದ ಚಿತ್ರಕ್ಕೆ ಒಂದು ಚುಕ್ಕೆ ಸೇರಿಸಲೂ ಬರುವುದಿಲ್ಲ, ಈ ವ್ಯಾಪಾರದ ಕರಾರೇ ಹಾಗೆ ಎಂದು ಹೇಳಿದಳು.

“ಒಳಗ ಹಾಕಾಕ ಬರಂಗಿಲ್ಲಂದ್ರ ಹೊರಗಿಂದ ಉಣಸೂದು. ಹಿಟ್ಟ ತಗಿ,” ಎಂದಳು ಅತ್ತೆ.

ಇಪ್ಪತ್ತು ಖಡಕ್ ರೊಟ್ಟಿ ಬಡಿದರು, ತಿಂಗಳಾದರೂ ಕೆಡದಂಥವು. ದಾಕ್ಷಾಯಿಣಿ ಕೊಂಡವರಿಗೆಲ್ಲ ನಡೆದದ್ದನ್ನು ಬರೆದು ವಿಳಾಸ ತರಿಸಿಕೊಂಡಳು. ಹುಕ್ಕೇರಿಯಿಂದ ಹಿಡಿದು ಜರ್ಮನಿಯವರೆಗೆ ಹೋಗುವ ಪೆಟ್ಟಿಗೆಗಳಲ್ಲಿ ಏನಿದೆ ಎಂದು ಗೋಕಾಕದ ಕೊರಿಯರ್‌ನವನು ಕೇಳಿದಾಗ “ಕೌದಿ ಊಟ” ಎಂದು ಬರೆಸಿದಳು. ಒಬ್ಬ ಗುಟ್ಟಿನ ಮನುಷ್ಯ ಮಾತ್ರ ವಿಳಾಸ ಕೊಡಲಿಲ್ಲ. ಅವನ ಪಾಲಿನ ರೊಟ್ಟಿ ಓಣಿಯ ನಾಯಿಗೆ ಹೋಯಿತು. ಎಲ್ಲರಿಗೂ ಮುಟ್ಟುವ ತನಕ ಶಿವಗಂಗವ್ವನ ಉಪವಾಸ. ದಿನಕ್ಕೆ ಆರು ಬಾಳೆಹಣ್ಣು ತಿಂದಳು, ರೊಟ್ಟಿ ಮಾತ್ರ ಮುಟ್ಟಲಿಲ್ಲ.

ಹನ್ನೆರಡನೆಯ ದಿನ, ಉಳಿದವೆಲ್ಲ ಮುಟ್ಟಿದ ಮೇಲೆ, ಜರ್ಮನಿಯಿಂದ ಫೋಟೋ ಬಂತು. ಆತ ರೊಟ್ಟಿಗೆ ಗಾಜಿನ ಕಟ್ಟು ಹಾಕಿಸಿ ಕೌದಿಯ ಚಿತ್ರದ ಪಕ್ಕದಲ್ಲೇ ಗೋಡೆಗೆ ತೂಗುಹಾಕಿದ್ದ.

“ತಾ ತಿಂದಿಲ್ಲ ನೋಡ, ಕೌದಿಗೇ ಬಿಟ್ಟಾನ. ಛಲೋ ಮನಿತನದಾಂವ,” ಎಂದಳು ಅತ್ತೆ.

ಅಷ್ಟರಲ್ಲಿ ಸತ್ತೆಪ್ಪ ಮುಖ ಊದಿಸಿಕೊಂಡು ಬಂದ. “ಎಲ್ಲಾರಿಗೂ ಖರೇ ರೊಟ್ಟಿ ಬಂತು, ನನಗ ಬರೇ ಚಿತ್ರದ್ದು! ಈಗ ನನ್ನ ಕೌದಿಗೆ ಏನ ಕಿಮ್ಮತ್ತ ಉಳೀತ್ರಿ ಆಯಿ?”

“ನಿನ್ನ ಕೌದಿ ಉಂಡೈತಿ ತಮ್ಮಾ. ಹಸದಾಂವ ನೀ. ಕುಂದ್ರು.”

ಮೂರು ತಾಟು ಬಂದವು. ಶಿವಗಂಗವ್ವ ರೊಟ್ಟಿ ಮುರಿದು ಮೊದಲ ಚೂರನ್ನು ಸೊಸೆಯ ತಾಟಿಗೆ ಹಾಕಿದಳು. “ತಿನ್ನು. ಹನ್ನೆರಡು ದಿನ ನೀನರ ಎಲ್ಲಿ ಹೊಟ್ಟಿ ತುಂಬ ಉಂಡಿ?”

ದಾಕ್ಷಾಯಿಣಿ ಆ ಚೂರನ್ನು ಬಾಯಿಗಿಟ್ಟಳು. ಆಮೇಲೆ ಅತ್ತೆ ಬೈಯಲು ಶುರುಮಾಡಿದಳು, ಸುಳ್ಳಿಗೊಂದು ಸಲ, ಸೀದ ರೊಟ್ಟಿಗೊಂದು ಸಲ. ಬೈಗುಳ ತಿನ್ನುತ್ತ ದಾಕ್ಷಾಯಿಣಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.