ಬ್ರೆಡ್ಡು ಬಚ್ಚಿಟ್ಟುಕೊಂಡ ಆಂಟಿ

ಜಗದಾಂಬಾ ಅವರದು ಸುಮ್ಮನಿರುವ ಕೈಯಲ್ಲ. ಬಸವೇಶ್ವರನಗರದ ಆ ಬೀದಿಯಲ್ಲಿ ಸಿಲಿಂಡರ್ ತಂದವನಿಂದ ಹಿಡಿದು ವೋಟರ್ ಲಿಸ್ಟ್ ಹೊತ್ತು ಬಂದ ಮೇಷ್ಟರವರೆಗೆ ಯಾರೂ ಅವರ ಮನೆಯಿಂದ ಬರಿಗೈಲಿ ಹೋದವರಿಲ್ಲ. ಏನಿಲ್ಲವೆಂದರೂ ಎರಡು ಕಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದರು. ಬೇಡವೆಂದವರ ಬ್ಯಾಗಿಗೆ ತುರುಕುತ್ತಿದ್ದರು. ಕೆಲವರಿಗೆ ಇದು ಕಿರಿಕಿರಿ, ಅದೂ ನಿಜ. ಆದರೂ ಅಕ್ಕನ ಬಳಗದ ಹೆಂಗಸರು ತಮ್ಮ ದಾಸೋಹದ ಉಗ್ರಾಣದ ಬೀಗದ ಕೈಯನ್ನು ಹನ್ನೊಂದು ವರ್ಷದಿಂದ ಇವರ ಹತ್ತಿರವೇ ಬಿಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗೆ ಆ ಬೀಗದ ಕೈಯೇ ಮರ್ಯಾದೆ, ಬೆಳಗ್ಗೆ ಎದ್ದು ಸೀರೆ ಉಡಲು ಅದೇ ಕಾರಣ.

ಇಂಥವರ ತಂಗಿಯ ಮಗ ಗಿರಿರಾಜ್. ಜಾಹೀರಾತು ಬರೆಯುವುದು ಅವನ ಕಸುಬು. ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಜನರನ್ನು ನಗಿಸುವುದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಅವನು ಮನಸ್ಸಿಗೆ ಹಚ್ಚಿಕೊಂಡಿದ್ದನ್ನು ಮನೆಯವರು ಕಂಡಿಲ್ಲ. ಒಂದು ದಿನ ಬಂದವನೇ ರೊಟ್ಟಿ ಮುರಿಯುತ್ತ ವಿಷಯ ತೆಗೆದ.

"ದೊಡ್ಡಮ್ಮ, ನಮ್ಮ ಆಡ್‌ನಲ್ಲಿ ನೀವು ಬರ್ಬೇಕು. ವಿಜಯನಗರದಲ್ಲಿ ಸುವಿಹಾರ ಅಂತ ಟೂರ್ ಕಂಪನಿ ಇದೆ, ಅವ್ರದ್ದು. ಫಾರಿನ್ ಹೋಟ್ಲಲ್ಲಿ ಎಲ್ಲಾ ದೇಶದವ್ರೂ ತಿಂಡಿ ತಿಂತಿರ್ತಾರೆ. ಇಂಡಿಯಾ ಕಡೆಯಿಂದ ನೀವು."

"ನಂಗೆ ಆಕ್ಟಿಂಗ್ ಎಲ್ಲಿ ಬರುತ್ತಪ್ಪಾ."

"ಆಕ್ಟಿಂಗೇ ಬೇಡ. ನೀವು ನೀವಾಗಿರಿ, ಅಷ್ಟೇ ಸಾಕು."

ಇಂಡಿಯಾ ಕಡೆಯಿಂದ ಎಂದ ಮೇಲೆ ಇನ್ನೇನು. ಜಗದಾಂಬಾ ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟರು, ಹಣೆಗೆ ವಿಭೂತಿ ಹಚ್ಚಿದರು, ಅಲ್ಲಿ ಎಷ್ಟು ಜನವಿರುತ್ತಾರೋ ಏನೋ ಎಂದು ನಲವತ್ತು ರೊಟ್ಟಿ ಕಟ್ಟಿಕೊಂಡು ಹೊರಟರು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಹಳೆಯ ಶೆಡ್ಡೊಂದರಲ್ಲಿ ಫಾರಿನ್ ಹೋಟೆಲು ಎದ್ದು ನಿಂತಿತ್ತು. ಕಿಟಕಿಯಾಚೆ ಹಿಮದ ಬೆಟ್ಟದ ಬ್ಯಾನರು. ಮೇಜಿನ ಮೇಲೆ ಹಣ್ಣು, ಬೆಣ್ಣೆ, ಬುಟ್ಟಿ ತುಂಬ ಬನ್ನು. ಒಂದೊಂದು ದೇಶಕ್ಕೂ ಗಿರಿರಾಜ್ ಒಂದೊಂದು ಚಟ ಹಂಚಿದ್ದ. ಜರ್ಮನಿಯವನು ವಾಚು ನೋಡುತ್ತಲೇ ಇರಬೇಕು, ಇಟಲಿಯವನು ಕೈ ಬೀಸಿ ಬೀಸಿ ಮಾತಾಡಬೇಕು, ಜಪಾನಿನವಳು ಕಂಡಕಂಡವರಿಗೆಲ್ಲ ಬಗ್ಗಿ ನಮಸ್ಕರಿಸಬೇಕು. ಜರ್ಮನಿಯವನು ಯೋಗ ಕಲಿಯಲು ಬಂದಿದ್ದ ಪೋಲೆಂಡಿನವನು. ಇಟಲಿಯವನು ಕೆಂಗೇರಿಯ ಜಿಮ್ಮಿನ ಮಾಸ್ತರು. ಜಪಾನಿನವಳು ಅನ್ನಪೂರ್ಣೇಶ್ವರಿ ನಗರದ ಪಾರ್ಲರಿನಲ್ಲಿ ಹುಬ್ಬು ತಿದ್ದುವ ತೋಂಬಿ, ಮಣಿಪುರದವಳು, ಎರಡು ಮಕ್ಕಳ ತಾಯಿ. ಇಂಡಿಯಾದ ಚಟ ಯಾವುದೆಂದು ಯಾರೂ ಜಗದಾಂಬಾ ಅವರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ.

ತೋಂಬಿಯನ್ನು ಮೂರು ಗಂಟೆ ಬಗ್ಗಿಸಿದರು. "ಇನ್ನೂ ಬಗ್ಗಮ್ಮ, ಜಪಾನ್ ಕಾಣ್ತಾನೇ ಇಲ್ಲ" ಎಂದು ಗಿರಿರಾಜ್ ಕುರ್ಚಿಯಿಂದಲೇ ಕೂಗುತ್ತಿದ್ದ. ಮಧ್ಯಾಹ್ನ ಊಟದ ಬಿಡುವಾಯಿತು. ಮತ್ತೆ ಶೂಟಿಂಗ್ ಶುರುವಾದಾಗ ಪಕ್ಕದಲ್ಲಿ ಬಗ್ಗಿದ ತೋಂಬಿ ಮೇಜು ಹಿಡಿದುಕೊಂಡು ಏಳುತ್ತಿರುವುದನ್ನು ಜಗದಾಂಬಾ ಕಂಡರು.

"ಯಾಕಮ್ಮ, ಹುಷಾರಿಲ್ವಾ?"

"ಬೆಳಗ್ಗೆಯಿಂದ ಏನೂ ತಿಂದಿಲ್ಲ ಆಂಟಿ. ಈ ಜಪಾನ್ ಡ್ರೆಸ್ ಬಿಚ್ಚಿದ್ರೆ ಮತ್ತೆ ಕಟ್ಟೋಕೆ ಒಂದು ಗಂಟೆ ಆಗುತ್ತಂತೆ. ಊಟಕ್ಕೆ ಬಿಡ್ಲಿಲ್ಲ."

ಮೇಜಿನ ಮೇಲಿನ ಬನ್ನು ಮುಟ್ಟಬಾರದೆಂದು ಮೊದಲೇ ಕಟ್ಟಪ್ಪಣೆಯಾಗಿತ್ತು. ಜಗದಾಂಬಾ ಆ ಕಡೆ ನೋಡಿದರು, ಈ ಕಡೆ ನೋಡಿದರು. ಎರಡು ಬನ್ನು ಎತ್ತಿ ನ್ಯಾಪ್ಕಿನ್ನಿನಲ್ಲಿ ಸುತ್ತಿ, ಸೆರಗಿನ ಮರೆಯಲ್ಲಿ ಬ್ಯಾಗಿಗೆ ಇಳಿಸಿದರು. ಕ್ಯಾಮೆರಾ ತಿರುಗುತ್ತಿದೆ ಎಂಬುದು ಅವರ ತಲೆಯಲ್ಲೇ ಇರಲಿಲ್ಲ. ಹತ್ತು ನಿಮಿಷ ಬಿಟ್ಟು ಆ ಬನ್ನನ್ನೂ ಎಲ್ಲರಿಗೂ ಹಂಚಿ ಉಳಿದಿದ್ದ ತಮ್ಮ ನಾಲ್ಕು ರೊಟ್ಟಿಯನ್ನೂ ತೋಂಬಿಯ ಕೈಗೆ ಕೊಟ್ಟರು. ಅವಳು ಹಿಮದ ಬೆಟ್ಟದ ಹಿಂದೆ ಕುಕ್ಕರಗಾಲಲ್ಲಿ ಕೂತು ಗಬಗಬ ತಿಂದಳು. ಆ ದಿನ ಆ ಶೆಡ್ಡಿನಲ್ಲಿ ನಡೆದ ಒಂದೇ ಒಂದು ಮನುಷ್ಯರ ಕೆಲಸ ಅದು.

ಮೂರು ವಾರದ ಮೇಲೆ ಜಾಹೀರಾತು ಫೋನಿನಿಂದ ಫೋನಿಗೆ ಹಾರಿತು. ಜರ್ಮನಿ ವಾಚು ನೋಡುತ್ತದೆ, ಇಟಲಿ ಕೈ ಬೀಸುತ್ತದೆ, ಜಪಾನು ಬಗ್ಗುತ್ತದೆ. ಆಮೇಲೆ ಇಂಡಿಯಾ. ವಿಭೂತಿ ಹಚ್ಚಿದ ಹೆಂಗಸು ಆ ಕಡೆ ಈ ಕಡೆ ನೋಡಿ ಬನ್ನನ್ನು ಸೆರಗಿನೊಳಗೆ ಜಾರಿಸುತ್ತಾಳೆ, ಹಿಂದಿನಿಂದ ಪೀಪಿ ಊದಿದ ಸದ್ದು. "ಎಲ್ಲಿಗೆ ಹೋದ್ರೂ ನಾವು ನಾವೇ. ಸುವಿಹಾರದ ಜೊತೆ ಬನ್ನಿ, ಬ್ರೆಡ್ ಕದಿಯೋ ಕಷ್ಟ ಬೇಡ. ಮೂರು ಹೊತ್ತೂ ನಮ್ಮದೇ ಅಡುಗೆಯವರು." ಬೆಂಗಳೂರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜರ್ಮನಿಯವರನ್ನು ನೋಡಿ ಸ್ವಲ್ಪ, ಜಪಾನಿನವರನ್ನು ನೋಡಿ ಸ್ವಲ್ಪ, ತಮ್ಮವರನ್ನು ನೋಡಿ ಬೇಕಾದಷ್ಟು.

ಮಾರನೇ ದಿನದಿಂದ ಜಗದಾಂಬಾ ಬ್ರೆಡ್ ಆಂಟಿಯಾದರು. ಸೂಪರ್ ಮಾರ್ಕೆಟ್ಟಿನ ಸೆಕ್ಯೂರಿಟಿಯವನು ಹಲ್ಲು ಕಿಸಿಯುತ್ತ ಚೀಲ ತೆಗೆಸಿ ನೋಡಿದ. ಎದುರು ಮನೆಯ ಅಂಬುಜಾ ಎಂದಿನಂತೆ ರೊಟ್ಟಿಯ ಡಬ್ಬಿ ಇಸಿದುಕೊಂಡು, "ಇದನ್ನ ಎಲ್ಲಿಂದ ಎತ್ಕೊಂಡ್ ಬಂದ್ರಿ?" ಎಂದರು. ತಮಾಷೆಗೇ ಅಂದಿದ್ದು. ತಮಾಷೆ ಎಂದ ಮೇಲೆ ಸಿಟ್ಟಾಗುವ ಹಾಗೂ ಇಲ್ಲ. ಶುಕ್ರವಾರ ಬಳಗದ ಅಧ್ಯಕ್ಷೆ ಶಶಿಕಲಾ ಫೋನ್ ಮಾಡಿದರು.

"ನಂಗೇನಿಲ್ಲ ಜಗದಾಂಬಾ ಅವ್ರೇ. ಜನ ಆಡ್ಕೋತಾರೆ ನೋಡಿ. ಬೀಗದ ಕೈ ವಿಷ್ಯ ಸೋಮವಾರ ಎಲ್ರೂ ಕೂತು ಮಾತಾಡೋಣ."

ಜಗದಾಂಬಾ ಅವರಿಗೆ ಎದೆ ಉರಿಯಿತು. ಗಿರಿರಾಜನನ್ನು ಕರೆಸಿದರು. ಆ ದಿನ ಅವನ ಮುಂದೆ ತಟ್ಟೆ ಇಡಲಿಲ್ಲ.

"ಪೂರ್ತಿ ತೋರ್ಸೋ ಗಿರಿ. ನಾನು ಅದನ್ನ ಆ ಹುಡುಗಿಗೆ ಕೊಟ್ಟೆ. ಅದೂ ನಿನ್ನ ಕ್ಯಾಮೆರಾದಲ್ಲಿ ಬಂದಿರುತ್ತೆ."

"ಬಂದಿದೆ ದೊಡ್ಡಮ್ಮ. ನೋಡಿದೀನಿ."

"ನೋಡಿದೀಯಾ? ಮತ್ತೆ?"

"ಕೊಡೋದ್ರಲ್ಲಿ ನಗು ಇಲ್ವಲ್ಲ ದೊಡ್ಡಮ್ಮ. ಬಚ್ಚಿಟ್ಕೊಳೋದ್ರಲ್ಲಿದೆ." ಇದನ್ನು ಅವನು ನಾಚಿಕೆಯಿಂದೇನೂ ಹೇಳಲಿಲ್ಲ, ಪಾಠ ಹೇಳಿಕೊಡುವವನ ಹಾಗೆ ಹೇಳಿದ. ಆಮೇಲೆ ಅವರ ಮುಖ ನೋಡಿ ಸ್ವಲ್ಪ ಮೆತ್ತಗಾದ. "ಭಾನುವಾರ ಟೂರಿಗೆ ಹೊರಡೋರ ಬೀಳ್ಕೊಡುಗೆ ಇದೆ. ನಿಮ್ಮ ಬಳಗದವ್ರೂ ಇಪ್ಪತ್ತು ಜನ ಹೋಗ್ತಿದಾರೆ, ಶಶಿಕಲಾ ಆಂಟಿನೂ ಇರ್ತಾರೆ. ಸ್ಟೇಜ್ ಮೇಲೆ ಬನ್ನಿ, ಮೈಕ್ ಕೊಡ್ತೀನಿ. ಏನ್ ನಡೀತೋ ನೀವೇ ಹೇಳಿ."

ಬಳಗದವರ ಮುಂದೆ, ಶಶಿಕಲಾ ಅವರ ಮುಂದೆ, ಸೋಮವಾರಕ್ಕೆ ಒಂದು ದಿನ ಮೊದಲು. ಜಗದಾಂಬಾ ಒಪ್ಪಿಕೊಂಡರು. ಎರಡು ದಿನ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಹೇಳಬೇಕಾದ್ದನ್ನು ಹೇಳಿಕೊಂಡರು.

ವಿಜಯನಗರದ ಕಲ್ಯಾಣ ಮಂಟಪ ತುಂಬಿತ್ತು. ಮದುಮಕ್ಕಳು ಕೂರುವ ಜಾಗದಲ್ಲಿ ಮೇಜು, ಮೇಜಿನ ಮೇಲೆ ಬುಟ್ಟಿ ತುಂಬ ಬನ್ನು. ಮುಂದಿನ ಸಾಲಿನಲ್ಲಿ ಶಶಿಕಲಾ. ಬ್ರೆಡ್ ಆಂಟಿ ಬರ್ತಿದಾರೆ ಎಂದು ನಿರೂಪಕ ಕೂಗಿದ್ದೇ ತಡ, ಶಿಳ್ಳೆ. ಜಗದಾಂಬಾ ಮೈಕ್ ಹಿಡಿದರು.

"ಆವತ್ತು ಏನಾಯ್ತು ಅಂದ್ರೆ, ಅಲ್ಲಿ ಒಬ್ಬಳು ಹಸ್ಕೊಂಡಿದ್ಲು."

"ಯಾರು ಆಂಟಿ, ನೀವಾ?" ಹಿಂದಿನಿಂದ ಒಂದು ಗಂಡು ದನಿ ಕೇಳಿತು. ಮಂಟಪವೇ ಗೊಳ್ಳೆಂದಿತು.

ಅವರು ಮತ್ತೆ ಶುರು ಮಾಡಿದರು. ಹಸಿವು ಎಂದರೂ ನಗು, ಪಾಪ ಎಂದರೂ ನಗು, ಸುಮ್ಮನೆ ನಿಂತರೂ ನಗು. ಮಾತು ನಡೆಯದು ಎಂದು ಗೊತ್ತಾಯಿತು. ಮೈಕ್ ಕೆಳಗಿಟ್ಟರು. ಕೈಯಲ್ಲೇ ಮಾಡಿ ತೋರಿಸೋಣ, ಕಣ್ಣಿಗೆ ಕಂಡರೆ ನಂಬಿಯಾರು ಎಂದುಕೊಂಡು ಒಂದು ಬನ್ನು ತೆಗೆದುಕೊಂಡರು. ಅಷ್ಟಕ್ಕೇ ನೂರು ಫೋನು ಮೇಲೆದ್ದವು. ಗಿರಿರಾಜ್ ಸೌಂಡಿನವನ ಕಡೆ ಬೆರಳೆತ್ತಿದ. ಅದೇ ಪೀಪಿಯ ಸದ್ದು ಮಂಟಪದ ಮೂಲೆಮೂಲೆಯಿಂದ ಬಂತು.

ಜಗದಾಂಬಾ ಅವನನ್ನು ನೋಡಿದರು. ನೋಡಿಯೂ ನಿಲ್ಲಿಸಲಿಲ್ಲ. ಬನ್ನನ್ನು ನ್ಯಾಪ್ಕಿನ್ನಿನಲ್ಲಿ ಸುತ್ತಿದರು. ಸೆರಗಿನೊಳಗೆ ಇಡದೆ, ಎಲ್ಲರಿಗೂ ಕಾಣುವಂತೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದರು. ನೇರ ಶಶಿಕಲಾ ಅವರ ಮುಂದೆ ಹೋಗಿ ನಿಂತರು.

"ತಗೊಳ್ಳಿ. ಹೀಗೆ ಕೊಟ್ಟೆ, ಶಶಿಕಲಾ ಅವ್ರೇ. ಹೀಗೇನೇ."

ಶಶಿಕಲಾ ನಗುತ್ತಿರಲಿಲ್ಲ. ಕೆಟ್ಟವರಲ್ಲ ಅವರು. ಹನ್ನೊಂದು ವರ್ಷ ಇದೇ ಕೈ ಬಡಿಸಿದ್ದನ್ನು ಉಂಡವರು. ಇಸಿದುಕೊಳ್ಳಬೇಕೆಂದು ಅವರ ಬಲಗೈ ಅರ್ಧ ಎದ್ದಿತ್ತು ಕೂಡ. ಆದರೆ ಎಡಗೈ, ಅವರಿಗೇ ತಿಳಿಯದ ಹಾಗೆ, ಪಕ್ಕದ ಕುರ್ಚಿಯ ಮೇಲಿದ್ದ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಿತು. ಅಷ್ಟು ಗದ್ದಲದಲ್ಲೂ ಜಗದಾಂಬಾ ಅವರಿಗೆ ಅದರ ಜಿಪ್ಪು ಎಳೆದು ಮುಚ್ಚಿದ ಸದ್ದು ಕೇಳಿಸಿತು.