ಹಾಸಿಗೆ ಅಕ್ಕನ ಮಗಳು ಯಾವ ದೇಶದಲ್ಲಿದ್ದಾಳೆ?

ನಿಮ್ಮ ಬೀದಿಯಲ್ಲೂ ಒಬ್ಬ ರೇಡಿಯೋ ಮಾಮ ಇದ್ದೇ ಇರುತ್ತಾನೆ. ಇಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಈ ಕಥೆಯ ರೇಡಿಯೋ ಮಾಮನದು ಪುಟ್ಟ ಸಲೂನು. ಎರಡು ಕುರ್ಚಿ, ಮೂಲೆ ಒಡೆದ ಉದ್ದನೆಯ ಕನ್ನಡಿ, ಅದರ ಕೆಳಗಿನ ಹಲಗೆಯಲ್ಲಿ ಪೌಡರ್ ಡಬ್ಬಿಗೆ ಒರಗಿಸಿಟ್ಟ ಮೊಬೈಲು. ಮಾಮನ ಕೈ ಗಿರಾಕಿಯ ತಲೆಯ ಮೇಲೆ, ಕಣ್ಣು ಮೊಬೈಲಿನ ಮೇಲೆ. ಬಾಯಿಗಂತೂ ಬಿಡುವೇ ಇಲ್ಲ. ಗಂಟಲ ಮೇಲೆ ಕತ್ತಿ ಆಡುವಾಗ ಯಾವ ಗಿರಾಕಿ ತಾನೇ "ಸಾಕು ನಿಲ್ಸಪ್ಪ" ಅಂದಾನು? ಹಾಗಾಗಿ ಎಲ್ಲರೂ ಕೇಳುತ್ತಿದ್ದರು.

ಎಲ್ಲೋ ನೆರೆ ಬಂದರೆ, ಎಲ್ಲೋ ಕಾಡಿಗೆ ಬೆಂಕಿ ಬಿದ್ದರೆ, ಎಲ್ಲೋ ಸೇತುವೆ ಕುಸಿದರೆ, ಅದರ ವಿಡಿಯೋ ಮಾಮನ ಫೋನಿಗೆ ಬಂದೇ ಬರುತ್ತಿತ್ತು. ಬಂದದ್ದೇ ತಡ, ಬೀದಿಯವರ ಗ್ರೂಪಿಗೆ ರವಾನೆ.

"ಬೇರೆಯವರ ಮನೆ ಬೀಳೋದನ್ನ ಸಿನಿಮಾ ನೋಡೋ ಹಾಗೆ ನೋಡ್ತೀರಲ್ಲ, ನಿಮಗೆ ಹೊಟ್ಟೆ ಚುರ್ ಅನ್ನಲ್ವಾ?" ಎಂದು ಹೆಂಡತಿ ಟೀ ತಂದಿಟ್ಟಾಗಲೆಲ್ಲ ಕೇಳುತ್ತಿದ್ದಳು.

"ಅಯ್ಯೋ ಬಿಡೇ. ಎಲ್ಲೋ ಸಮುದ್ರದಾಚೆ ಆಗಿದ್ದಕ್ಕೆ ನಾವೇನು ಮಾಡೋಕಾಗುತ್ತೆ? ನೋಡ್ಬೇಕು, ಪಾಪ ಅನ್ಬೇಕು, ಮುಂದಕ್ಕೆ ಕಳಿಸ್ಬೇಕು."

"ಕಳಿಸ್ದೇ ಇದ್ರೆ?"

"ಜನಕ್ಕೆ ಗೊತ್ತಾಗೋದು ಹೇಗೆ? ಇದೂ ಒಂದು ಸೇವೆ ಕಣೇ."

ಒಂದು ಬೆಳಿಗ್ಗೆ ಬಸ್ ಕಂಡಕ್ಟರ್ ಗಡ್ಡ ಮಾಡಿಸಿಕೊಳ್ಳಲು ಬಂದು ಕೂತಿದ್ದ. ಅರ್ಧ ಮುಖ ಮುಗಿದಿತ್ತು, ಇನ್ನರ್ಧಕ್ಕೆ ನೊರೆ ಹಚ್ಚಿತ್ತು. ಅಷ್ಟರಲ್ಲಿ ಮಾಮನ ಮೊಬೈಲು ಟಿಣ್ ಅಂದಿತು. ದೂರದ ಒಂದು ದೇಶದಲ್ಲಿ ಭೂಕಂಪ! ಜೊತೆಗೆ ಊರಿನ ಹೆಸರು, ಒಂದು ವಿಡಿಯೋ. ಎತ್ತರದ ಕಟ್ಟಡವೊಂದು ಒಮ್ಮೆ ವಾಲಿ, ನೋಡುತ್ತಿದ್ದ ಹಾಗೇ ಧಡ್ಡೆಂದು ಕೂತುಬಿಟ್ಟಿತು. ಸುತ್ತ ಬರೀ ಧೂಳು. ಮಾಮ ಕೈ ಒರೆಸಿಕೊಂಡು ಅದನ್ನು ಗ್ರೂಪಿಗೆ ಹಾಕಿದ. ಹಾಕಿ ಸುಮ್ಮನಿದ್ದನೇ? ಕೆಳಗೆ ತನ್ನದೊಂದು ಸಾಲು ಸೇರಿಸಿದ. "ಊರಿಗೆ ಊರೇ ನೆಲಸಮ. ಒಬ್ಬರೂ ಉಳಿದಿಲ್ಲವಂತೆ."

"ಒಬ್ರೂ ಉಳಿದಿಲ್ಲ ಅಂತ ಯಾರು ಹೇಳಿದ್ರು ಮಾಮ?" ಕಂಡಕ್ಟರ್ ಕೇಳಿದ.

"ನೋಡಿದ್ರೆ ಗೊತ್ತಾಗಲ್ವೇನಪ್ಪಾ? ಅಲ್ಲಾಡ್ಬೇಡ, ಕುಯ್ದುಬಿಡುತ್ತೆ."

ಸಲೂನಿನ ಪಕ್ಕದ್ದೇ ಹಾಸಿಗೆ ಅಂಗಡಿ. ನಡುವೆ ಇರುವುದು ಒಂದೇ ಗೋಡೆ. ಅದನ್ನು ನಡೆಸುವ ಹೆಂಗಸನ್ನು ಬೀದಿಯವರೆಲ್ಲ ಕರೆಯುವುದು ಹಾಸಿಗೆ ಅಕ್ಕ ಎಂದೇ. ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ದೊಡ್ಡ ದಬ್ಬಣದಿಂದ ಹೊಲಿದು ಮಗಳೊಬ್ಬಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು. ಮಾಮನ ಕುರ್ಚಿಗಳ ಮೆತ್ತೆಯೂ ಅವಳದೇ ಹೊಲಿಗೆ. ಮಗಳು ಹೊರದೇಶದಲ್ಲಿ ಒಬ್ಬ ಅಜ್ಜ, ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಇಷ್ಟು ಮಾಮನಿಗೂ ಗೊತ್ತಿತ್ತು.

ಹಿಂಜುವ ಯಂತ್ರದ ಸದ್ದು ಥಟ್ಟನೆ ನಿಂತಿತು. ಆಮೇಲೆ ಒಂದು ಕೂಗು. ಮಾಮನ ಹೆಂಡತಿ ಓಡಿ ಹೋದವಳು ಅಷ್ಟೇ ವೇಗವಾಗಿ ಸಲೂನಿಗೆ ನುಗ್ಗಿದಳು.

"ಅಲ್ಲಾ ರೀ, ಹಾಸಿಗೆ ಅಕ್ಕನ ಮಗಳು ಯಾವ ದೇಶದಲ್ಲಿದ್ದಾಳೆ ಗೊತ್ತಾ ನಿಮಗೆ?"

"ಫಾರಿನ್‌ನಲ್ಲಿ."

"ಫಾರಿನ್ ಅನ್ನೋದು ಒಂದು ದೇಶಾನಾ? ನೀವೀಗ ಊರಿಗೆ ಊರೇ ಹೋಯ್ತು ಅಂತ ಹಾಕಿದ್ರಲ್ಲ, ಅವಳಿರೋದು ಅದೇ ಊರು ರೀ!"

ಲೋಕದ ಸುದ್ದಿಯನ್ನೆಲ್ಲ ಹಂಚಿದವನು ಗೋಡೆಯಾಚೆಯ ಮನೆಯ ಸುದ್ದಿಯನ್ನು ಒಂದು ದಿನವೂ ಕೇಳಿರಲಿಲ್ಲ. ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಳ್ಳುತ್ತ ಮಾಮ ಪಕ್ಕದ ಅಂಗಡಿಗೆ ಓಡಿದ.

ಹೋಗಿ ನೋಡಿದರೆ ಹಾಸಿಗೆ ಅಕ್ಕ ಹತ್ತಿಯ ರಾಶಿಯಲ್ಲೇ ಕುಸಿದು ಕೂತಿದ್ದಳು. ಒಂದು ಕೈಯಲ್ಲಿ ಮಾಮ ಕಳಿಸಿದ ವಿಡಿಯೋ, ಇನ್ನೊಂದು ಕೈ ಎದೆಯ ಮೇಲೆ. ಮಗಳಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಸುದ್ದಿ ಕೇಳಿ ಬಂದವರೆಲ್ಲ ನಂಬರು ಇಸಿದುಕೊಂಡು ತಾವೂ ಒತ್ತಿದರು. ಮಾಮ ಒತ್ತಿದ, ಅರ್ಧ ಗಡ್ಡದ ಕಂಡಕ್ಟರೂ ಒತ್ತಿದ. ಕೊನೆಗೆ ಆ ಕಡೆಯ ಫೋನು ಸ್ವಿಚ್ ಆಫ್ ಎಂದಿತು. ಅಕ್ಕನ ಮುಖದಲ್ಲಿ ಇದ್ದಬದ್ದ ರಕ್ತವೂ ಇಳಿದುಹೋಯಿತು.

ಆಗ ಯಾರೋ ಹೋಗಿ ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆತಂದರು. ಆಕೆ ಮೊದಲು ಅಕ್ಕನ ಬಿಪಿ ನೋಡಿದರು, ನೀರು ಕುಡಿಸಿದರು. ಆಮೇಲೆ ವಿಡಿಯೋ ಕೇಳಿ ತೆಗೆದುಕೊಂಡು ಮತ್ತೆ ಮತ್ತೆ ನೋಡಿದರು.

"ಅಕ್ಕಾ, ಮಗಳಿರೋ ಊರಲ್ಲಿ ಈಗ ಹವಾ ಹೇಗಿದೆಯಂತೆ?"

"ವಿಪರೀತ ಸೆಕೆ ಸಿಸ್ಟರ್. ನಿನ್ನೆ ತಾನೇ ಹೇಳಿದ್ಲು, ಫ್ಯಾನ್ ಹಾಕಿದ್ರೂ ನಿದ್ದೆ ಬರಲ್ಲ ಅಂತ."

"ಹಾಗಾದ್ರೆ ಇಲ್ಲಿ ನೋಡಿ. ಓಡ್ತಿರೋರೆಲ್ಲ ದಪ್ಪ ಸ್ವೆಟರ್ ಹಾಕಿದ್ದಾರೆ. ರಸ್ತೆ ಪಕ್ಕ ಹಿಮ ಬಿದ್ದಿದೆ."

ಎಲ್ಲರೂ ಬಗ್ಗಿ ನೋಡಿದರು. ಹೌದಲ್ಲ! ಅಷ್ಟು ಸಲ ನೋಡಿದ ಮಾಮನ ಕಣ್ಣಿಗೆ ಕುಸಿಯುವ ಕಟ್ಟಡ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಸಿಸ್ಟರ್ ತಮ್ಮ ಫೋನಿನಲ್ಲಿ ಹುಡುಕಿ ತೋರಿಸಿದರು. ಅದು ಹಳೆಯ ವಿಡಿಯೋ, ಬೇರೆ ದೇಶದ್ದು. ಮಗಳಿರುವ ದೇಶದಲ್ಲಿ ಭೂಕಂಪ ಆಗಿರುವುದು ನಿಜ, ಆದರೆ ಅಲ್ಲಿಯ ಸರ್ಕಾರದ ಪ್ರಕಾರ ಹೆಚ್ಚು ಹಾನಿ ಬೆಟ್ಟದ ಕಡೆಯ ಹಳ್ಳಿಗಳಲ್ಲಿ.

"ಅಂದ್ರೆ ನನ್ನ ಮಗು ಇದ್ದಾಳಾ ಸಿಸ್ಟರ್?"

"ಸುಳ್ಳು ಧೈರ್ಯ ಹೇಳಲ್ಲ ಅಕ್ಕಾ, ನನಗೆ ಗೊತ್ತಿಲ್ಲ. ಆದ್ರೆ ಇಲ್ಲ ಅನ್ನೋಕೂ ಯಾವ ಕಾರಣಾನೂ ಇಲ್ಲ. ಈಗ ಯಾರೂ ಫೋನ್ ಮಾಡ್ಬೇಡಿ. ಇಂಥಾ ಹೊತ್ತಲ್ಲಿ ಎಲ್ಲರೂ ಒಟ್ಟಿಗೆ ಕರೆ ಮಾಡಿದ್ರೆ ಲೈನ್ ಕಟ್ಟಿಹೋಗುತ್ತೆ. ಮಣ್ಣಿನಡಿ ಸಿಕ್ಕಿಕೊಂಡೋರು ಸಹಾಯಕ್ಕೆ ಕರೆಯೋದು ಹೇಗೆ ಹೇಳಿ? ಒಂದು ಚಿಕ್ಕ ಮೆಸೇಜ್ ಹಾಕಿ, ಅವಳ ಫೋನ್ ಆನ್ ಆದ ಕೂಡ್ಲೇ ಸಿಗುತ್ತೆ. ಆ ದೇಶದಲ್ಲಿರೋ ನಮ್ಮ ರಾಯಭಾರ ಕಚೇರಿಯ ಸಹಾಯವಾಣಿಗೆ ನಾನು ಅವಳ ವಿವರ ಕೊಡ್ತೀನಿ."

ಅಕ್ಕ ಬರೆದಳು. "ಇದ್ದೀಯಾ ಕಂದಾ? ಒಂದು ಮಾತು ಹಾಕು."

ಆ ದಿನ ಸಲೂನು ಮತ್ತೆ ತೆರೆಯಲಿಲ್ಲ. ಮಾಮ ಹಾಸಿಗೆ ಅಂಗಡಿಯ ಬಾಗಿಲ ಬಳಿ ಕೂತೇ ಇದ್ದ. ಗ್ರೂಪಿನಿಂದ ವಿಡಿಯೋ ಅಳಿಸಿದ. "ಅದು ಸುಳ್ಳು, ಒಬ್ಬರೂ ಉಳಿದಿಲ್ಲ ಅಂತ ಬರೆದದ್ದು ನಾನೇ. ದಯವಿಟ್ಟು ಯಾರಿಗೂ ಕಳಿಸಬೇಡಿ" ಎಂದು ಹಾಕಿದ. ಆದರೆ ಅದಾಗಲೇ ಎಷ್ಟು ಬೀದಿ ದಾಟಿಹೋಗಿತ್ತೋ ಯಾರಿಗೆ ಗೊತ್ತು? ಅಕ್ಕ ಊಟ ಮುಟ್ಟಲಿಲ್ಲ. ಮಾಮನೂ ಊಟಕ್ಕೆ ಏಳಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಅಕ್ಕನ ಫೋನು ಬೆಳಗಿತು. ಮಗಳ ದನಿಯ ಸಂದೇಶ!

"ಅಮ್ಮಾ, ಅಳಬೇಡ, ನಾನು ಚೆನ್ನಾಗಿದ್ದೀನಿ. ಮನೆ ಅಲ್ಲಾಡಿದ ತಕ್ಷಣ ಅಜ್ಜ, ಅಜ್ಜೀನ ಹಿಡ್ಕೊಂಡು ಇಳಿಯೋಕೆ ಹೊರಟೆ. ಅಜ್ಜನಿಗೆ ನಡೆಯೋಕಾಗಲ್ವಲ್ಲ, ಮೆಟ್ಟಿಲ ಮೇಲೇ ಉಳಿದುಬಿಟ್ವಿ. ಕೆಳಗಿನ ಮನೆಯೋರು ಆಗಲೇ ಆಚೆ ಹೋಗಿದ್ರು ಅಮ್ಮಾ. ನನ್ನ ಕೂಗು ಕೇಳಿ ವಾಪಸ್ ಬಂದ್ರು. ಅಜ್ಜನ್ನ ಹೊತ್ಕೊಂಡು, ನನ್ನ, ಅಜ್ಜಿ ಕೈ ಹಿಡ್ಕೊಂಡು ಇಳಿಸಿದ್ರು. ಈಗ ಶಾಲೆ ಮೈದಾನದಲ್ಲಿದ್ದೀವಿ. ಅಷ್ಟೊಂದು ಕಾಲ್ ಬಂದು ಬ್ಯಾಟರಿ ಪೂರ್ತಿ ಹೋಯ್ತು. ಇದು ಆ ಕೆಳಗಿನ ಮನೆಯಾಕೆ ಚಾರ್ಜ್ ಮಾಡಿಸಿಕೊಟ್ಟಿದ್ದು."

ಅಕ್ಕ ಫೋನನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಾಮನ ಹೆಂಡತಿ ಅವಳನ್ನು ತಬ್ಬಿಕೊಂಡಳು. ಮಾಮ ಗೋಡೆಯ ಕಡೆ ತಿರುಗಿ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಅಕ್ಕನ ಮುಂದೆ ಬಂದು ನಿಂತ.

"ಅಕ್ಕಾ, ತಪ್ಪಾಯ್ತು. ನನಗೆ ಬೈದುಬಿಡಿ."

"ಬೈಯೋ ಶಕ್ತಿ ಈಗಿಲ್ಲ ಮಾರಾಯ, ನಾಳೆ ಬೈತೀನಿ" ಎಂದಳು ಅಕ್ಕ. ಅಳುವಿನ ನಡುವೆಯೇ ಎಲ್ಲರಿಗೂ ನಗು ಬಂತು.

ಮಾರನೆಯ ದಿನ ಅಕ್ಕ ಬೈಯಲಿಲ್ಲ. ಬೆಳಿಗ್ಗೆಯೇ ಹೊಸ ಹಾಸಿಗೆಗಳನ್ನು ಬಾಗಿಲಿಗೆ ತಂದು ಪೇರಿಸತೊಡಗಿದಳು. ಮೈದಾನದಲ್ಲಿ ಮಲಗುವವರಿಗಂತೆ! ಮಾಮನೂ ಬೀದಿಯಲ್ಲಿ ಹಳೇ ಬಟ್ಟೆ ಕೂಡಿಸಲು ಹೊರಟಿದ್ದ. ಸಿಸ್ಟರ್ ಇಬ್ಬರನ್ನೂ ತಡೆದರು.

"ನಿಮ್ಮ ಮನಸ್ಸು ದೊಡ್ಡದು ಅಕ್ಕಾ. ಆದ್ರೆ ಇವನ್ನ ಅಲ್ಲಿಗೆ ಸಾಗಿಸೋ ಖರ್ಚಲ್ಲಿ ಅಲ್ಲೇ ಎಷ್ಟೋ ಹಾಸಿಗೆ ಕೊಳ್ಳಬಹುದು. ಕೇಳದೇ ಕಳಿಸಿದ ಬಟ್ಟೆ ರಾಶಿ ಬಿದ್ದು ದಾರಿ ಕಟ್ಟುತ್ತೆ, ಔಷಧಿ ತಲುಪೋದು ತಡ ಆಗುತ್ತೆ. ಅವರಿಗೇನು ಬೇಕು ಅಂತ ಅವರಿಗೇ ಗೊತ್ತು. ನಂಬಿಕಸ್ತ ಪರಿಹಾರ ಸಂಸ್ಥೆ ಯಾವುದು ಅಂತ ವಿಚಾರಿಸಿ, ಕೈಲಾದಷ್ಟು ದುಡ್ಡು ಕೊಡೋಣ. ಮೊಬೈಲಿಗೆ ತಾನಾಗೇ ಬರೋ ಲಿಂಕನ್ನ ಮಾತ್ರ ಒತ್ತಬೇಡಿ. ಅದರಲ್ಲಿ ಮೋಸಗಾರರೂ ಇರ್ತಾರೆ."

"ನಮ್ಮ ಬೀದಿಯೋರು ಕೊಡೋ ಚಿಲ್ಲರೆ ಕಾಸಿಂದ ಏನಾಗುತ್ತೆ ಸಿಸ್ಟರ್?" ಮಾಮನ ಹಳೆಯ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

ಸಿಸ್ಟರ್ ಉತ್ತರ ಕೊಡುವ ಮೊದಲೇ ಅಕ್ಕನ ಫೋನು ಬಡಿದುಕೊಂಡಿತು. ಮಗಳ ವಿಡಿಯೋ ಕರೆ. ಅಕ್ಕ ಮಗಳನ್ನು ಕಣ್ತುಂಬ ನೋಡಿ, "ನಿನ್ನನ್ನ ಇಳಿಸಿದ ಆ ಮನೆಯಾಕೆಗೆ ಫೋನ್ ಕೊಡೇ" ಎಂದಳು. ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು. ಕೆದರಿದ ಕೂದಲು, ಹಣೆಯ ಮೇಲೊಂದು ಗಾಯದ ಪಟ್ಟಿ. ಅವಳ ಭಾಷೆ ಇವಳಿಗೆ ಬಾರದು, ಇವಳ ಭಾಷೆ ಅವಳಿಗೆ ತಿಳಿಯದು.

"ತಾಯೀ, ನಿನ್ನ ಹೊಟ್ಟೆ ತಣ್ಣಗಿರಲಿ. ನನ್ನ ಮಗೂನ ಉಳಿಸಿಕೊಟ್ಟೆ" ಎಂದಳು ಅಕ್ಕ.

ಆ ಹೆಂಗಸು ಏನೋ ಹೇಳಿ, ಪಕ್ಕದಲ್ಲಿದ್ದ ಅಕ್ಕನ ಮಗಳ ತಲೆ ಸವರಿದಳು. ಅವಳ ಕಣ್ಣಲ್ಲೂ ನೀರಿತ್ತು. ಅವಳ ಹಿಂದೆ ಮೈದಾನದ ತುಂಬ ಜನ, ನೆಲದ ಮೇಲೆ ಮಲಗಿದ ಮಕ್ಕಳು. ಇದೂ ವಿಡಿಯೋ ತಾನೇ? ಆದರೆ ಮಾಮನಿಗೆ ಈ ಸಲ ಮುಂದಕ್ಕೆ ಕಳಿಸಬೇಕು ಅನ್ನಿಸಲಿಲ್ಲ. ಅವನು ಜೇಬಿಗೆ ಕೈಹಾಕಿದ. "ತಗೊಳ್ಳಿ ಸಿಸ್ಟರ್, ಮೊದಲು ನಂದು" ಎಂದ. ಹೆಂಡತಿ ಅವನ ಮುಖ ನೋಡಿ ತನ್ನದನ್ನೂ ಸೇರಿಸಿದಳು.

ಅಣ್ಣಂದಿರೇ, ಅಕ್ಕಂದಿರೇ, ನಾಳೆ ನಿಮ್ಮ ಮೊಬೈಲಿಗೂ ಇಂಥದ್ದೊಂದು ವಿಡಿಯೋ ಬರುತ್ತದೆ. ಬೆರಳು ಒತ್ತುವ ಮುಂಚೆ ಇದು ಎಲ್ಲಿಯದು, ಯಾವಾಗಿನದು ಎಂದು ಒಂದು ಗಳಿಗೆ ನೋಡಿ. ಗೊತ್ತಾಗದಿದ್ದರೆ ಕಳಿಸಬೇಡಿ, ಯಾರ ಗಂಟೂ ಹೋಗುವುದಿಲ್ಲ. ನಿಮ್ಮವರು ಅಲ್ಲಿದ್ದರೆ ಒಂದು ಚಿಕ್ಕ ಸಂದೇಶ ಹಾಕಿ ಕಾಯಿರಿ. ಕೊಡುವ ಮನಸ್ಸಿದ್ದರೆ ಸರಿಯಾದ ಕೈಗೆ ಕೊಡಿ. ಸ್ವಲ್ಪವೇ ಆದರೂ ಸರಿ. ಆ ಜನ ನಮ್ಮ ಹುಡುಗಿಯನ್ನು ದೂರದ ದೇಶದವಳು ಎಂದು ಮೆಟ್ಟಿಲ ಮೇಲೆ ಬಿಟ್ಟು ಹೋಗಲಿಲ್ಲ. ನಾವೂ ಅವರನ್ನು ಬಿಟ್ಟುಬಿಡುವುದು ಬೇಡ.